ನಂಜನಗೂಡು ತಿರುಮಲಾಂಬ

ಕಪಿಲಾ ನದಿಯ ದಂಡೆಯ ಮೇಲಿರುವ ನಂಜನಗೂಡು ಶ್ರೀಕಂಠೇಶ್ವರನ ಕ್ಷೇತ್ರವೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಕನ್ನಡ ಸಾಹಿತ್ಯದ ಅಭ್ಯಾಸಿಗಳು ಈ ಊರನ್ನು ಮತ್ತೊಂದು ಕಾರಣಕ್ಕಾಗಿಯೂ ನೆನೆಯುತ್ತಾರೆ. ಆಧುನಿಕ ಕನ್ನಡದ ಮೊದಲ ಲೇಖಕಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕಾ ಸಂಪಾದಕಿ ಎಂಬ ಕೀರ್ತಿಗೆ ಪಾತ್ರರಾದ ತಿರುಮಲಾಂಬ ಅವರು 1887ನೆಯ ಇಸವಿ ಮಾರ್ಚ್ 25ರಂದು ಇಲ್ಲಿ ಜನಿಸಿದರು. ಅವರ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರಾಗಿದ್ದರು, ತಾಯಿ ಅಲಮೇಲಮ್ಮನವರು.

ಆ ಕಾಲದ ಹೆಣ್ಣುಮಕ್ಕಳ ಸ್ಥಿತಿಯನ್ನು ತಿಳಿದರೆ ಮಾತ್ರ ತಿರುಮಲಾಂಬ ಅವರ ಸಾಧನೆಯ ಬೆಲೆ ನಮಗೆ ಅರಿವಾದೀತು. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಶಾಲೆ 1881ರಲ್ಲಿಯೇ ಆರಂಭವಾಗಿದ್ದರೂ ಅದರ ಪ್ರಯೋಜನ ದೊರೆತದ್ದು ಕೆಲವೇ ಮನೆತನಗಳಿಗೆ. ಕಪಿಲೆಯ ಬಯಲಿನಿಂದ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರುಗಳ ಗುಡ್ಡಬೆಟ್ಟಗಳವರೆಗೆ, ಮೈಸೂರು ಸಂಸ್ಥಾನದ ಯಾವ ಊರಿಗೆ ಹೋದರೂ ಅಕ್ಷರ ಬಲ್ಲ ಹೆಂಗಸರು ವಿರಳರಾಗಿದ್ದರು. 1911ರ ಜನಗಣತಿಯ ವೇಳೆಗೆ ಸಂಸ್ಥಾನದ ನೂರು ಮಂದಿ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ಇಬ್ಬರಾದರೂ ಇರಲಿಲ್ಲ. ಆಟದ ವಯಸ್ಸಿನಲ್ಲಿಯೇ ಮದುವೆ, ಮದುವೆಯೊಡನೆ ಓದಿಗೆ ಮುಕ್ತಾಯ. ಇದೇ ಅಂದಿನ ರೂಢಿ.

ತಿರುಮಲಾಂಬ ಅವರೂ ಈ ರೂಢಿಗೆ ಹೊರತಾಗಲಿಲ್ಲ. ಬಾಲ್ಯದಲ್ಲಿಯೇ ಅವರ ವಿವಾಹ ನೆರವೇರಿತು. ಸಂಸಾರವೆಂದರೇನೆಂದು ತಿಳಿಯುವ ಮೊದಲೇ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅವರು ಪತಿಯನ್ನು ಕಳೆದುಕೊಂಡರು. ವಿಧವೆಯ ಮುಖದರ್ಶನವೂ ಅಮಂಗಳವೆಂದು ಸಮಾಜ ನಂಬಿದ್ದ ದಿನಗಳವು. ಇಂತಹ ಬಾಲೆಯರಿಗೆ ಅಡುಗೆಮನೆಯ ಮೂಲೆಯೇ ಪ್ರಪಂಚವಾಗುತ್ತಿತ್ತು. ಅವರ ಮುಂದೆ ಉಳಿದ ಬಾಳು ಬಹು ದೀರ್ಘವಾದದ್ದು; ಅದನ್ನು ಕಳೆಯುವ ದಾರಿ ಮಾತ್ರ ಯಾವುದೂ ಇರಲಿಲ್ಲ.

ಇಂತಹ ಸಂಕಟದ ಸಮಯದಲ್ಲಿ ಮಗಳ ಕೈಹಿಡಿದವರು ತಂದೆ. ಲೋಕದ ಮಾತಿಗೆ ಅಂಜಿ ಅವರು ಮಗಳನ್ನು ಕತ್ತಲೆಯ ಕೋಣೆಗೆ ತಳ್ಳಲಿಲ್ಲ. ಅವಳ ಕೈಗೆ ಪುಸ್ತಕಗಳನ್ನಿತ್ತರು. ತಂದೆಯ ಆಸರೆಯಲ್ಲಿ ತಿರುಮಲಾಂಬ ಅವರು ಕನ್ನಡದ ಜೊತೆಗೆ ತಮಿಳು, ತೆಲುಗು ಭಾಷೆಗಳನ್ನೂ ಅಭ್ಯಾಸ ಮಾಡಿದರು. ಓದು ಅವರಿಗೆ ಮೊದಲು ಸಮಾಧಾನವನ್ನು ಕೊಟ್ಟಿತು. ಬಳಿಕ ಆತ್ಮವಿಶ್ವಾಸವನ್ನು ಕೊಟ್ಟಿತು. ಕೊನೆಗೆ ತಾವೂ ಬರೆಯಬೇಕೆಂಬ ಹಂಬಲವನ್ನು ಮೂಡಿಸಿತು. ತಮಗೆ ದೊರೆತ ಬೆಳಕು ತಮ್ಮಲ್ಲಿಯೇ ಉಳಿಯಬಾರದೆಂದು ಅವರು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು.

ಬರೆಯುವುದೇನೋ ಸರಿ, ಬರೆದುದನ್ನು ಅಚ್ಚುಮಾಡುವವರು ಯಾರು? ಕಾಗದ, ಅಚ್ಚುಕೂಟ, ಅಂಚೆ, ಚಂದಾ ಇವೆಲ್ಲವೂ ಗಂಡಸರ ವ್ಯವಹಾರವೆನಿಸಿದ್ದ ಕಾಲವದು. ಇನ್ನೊಬ್ಬರ ಬಾಗಿಲಿನಲ್ಲಿ ಕಾಯುವುದಕ್ಕಿಂತ ತಾವೇ ಒಂದು ಬಾಗಿಲನ್ನು ತೆರೆಯುವುದು ಲೇಸೆಂದು ಬಗೆದವರಂತೆ, ತಿರುಮಲಾಂಬ ಅವರು 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದರಲ್ಲಿ ಮೊದಲು ಹೊರಬಂದ ಕೃತಿ ಅವರದೇ ಆದ ‘ಸುಶೀಲೆ’ ಎಂಬ ಕಾದಂಬರಿ. ಕನ್ನಡದಲ್ಲಿ ಕಾದಂಬರಿಯೆಂಬ ಪ್ರಕಾರವೇ ಆಗ ಎಳವೆಯಲ್ಲಿತ್ತು. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಪ್ರಕಟವಾದದ್ದು 1915ರಲ್ಲಿ ಎಂಬುದನ್ನು ನೆನೆದರೆ, ‘ಸುಶೀಲೆ’ ಎಷ್ಟು ಮುಂಚಿನ ಪ್ರಯತ್ನವೆಂಬುದು ತಿಳಿಯುತ್ತದೆ. ಓದುಗರು ಅದನ್ನು ಆದರದಿಂದ ಬರಮಾಡಿಕೊಂಡರು; ಅದು ಮರುಮುದ್ರಣಗಳನ್ನೂ ಕಂಡಿತು. ‘ನಭಾ’, ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ದಕ್ಷಕನ್ಯೆ’ ಮೊದಲಾದ ಕೃತಿಗಳು ಅನಂತರ ಬೆಳಕು ಕಂಡವು.

ಕೆಲವೇ ವರ್ಷಗಳಲ್ಲಿ ಅವರು ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಆ ಪತ್ರಿಕೆ ಬಹುಕಾಲ ಬಾಳಲಿಲ್ಲ. ಮುಂದೆ ‘ಸನ್ಮಾರ್ಗದರ್ಶಿ’ ಎಂಬ ಇನ್ನೊಂದು ಪತ್ರಿಕೆಯನ್ನೂ ಅವರು ನಡೆಸಿದರು. ಇವುಗಳ ಮಹತ್ತ್ವವನ್ನು ಬಾಳಿದ ವರ್ಷಗಳಿಂದ ಅಳೆಯಲಾಗದು. ಬರೆಯುವ ಬಯಕೆಯುಳ್ಳ ಗೃಹಿಣಿಗೆ ಆಸೆಯೊಂದೇ ಸಾಲದು. ಅವಳ ಬರಹವನ್ನು ಹಾಸ್ಯಮಾಡದೆ ಓದುವವರು ಬೇಕು, ಅದಕ್ಕೆ ಅಚ್ಚಿನಲ್ಲಿ ಸ್ಥಳ ಕೊಡುವವರು ಬೇಕು. ಹೆಂಗಸರು ಓದಲೂ ಬರೆಯಲೂ ಯೋಗ್ಯವಾದ ಪತ್ರಿಕೆಯೊಂದನ್ನು ಹೆಂಗಸೇ ನಡೆಸಬಲ್ಲಳೆಂಬುದು ಅಂದಿಗೆ ಹೊಸ ಸಂಗತಿಯಾಗಿತ್ತು. ಮತ್ತೊಬ್ಬ ಬಾಲವಿಧವೆಯಾದ ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ, ನಾಲ್ಕು ದಶಕಗಳ ಕಾಲ ನಡೆಸಿದರು. ಮೊದಲ ಹೆಜ್ಜೆ ಮೂಡಿದ ಮೇಲೆ ಎರಡನೆಯ ಹೆಜ್ಜೆಗೆ ದಾರಿ ಸುಗಮವಾಗುತ್ತದೆ.

ತಿರುಮಲಾಂಬ ಅವರ ಕಾದಂಬರಿಗಳ ನಾಯಕಿಯರು ಬಹುಮಟ್ಟಿಗೆ ಸಹನೆ, ಪತಿಭಕ್ತಿ, ಧರ್ಮಶ್ರದ್ಧೆಗಳ ಪ್ರತಿರೂಪಗಳು. ಇಂದಿನ ಓದುಗರಿಗೆ ಈ ಆದರ್ಶಗಳು ಹಳೆಯವೆಂದು ತೋರಬಹುದು. ಆದರೆ ಇದೇ ಲೇಖಕಿ ಸ್ತ್ರೀವಿದ್ಯಾಭ್ಯಾಸವನ್ನು ದೃಢವಾಗಿ ಎತ್ತಿಹಿಡಿದರು. ಅವರ ಕಥೆಗಳು ಸಂಪ್ರದಾಯದ ಎಲ್ಲೆಯೊಳಗೆ ನಡೆದರೂ, ಅವರ ಬಾಳು ಆ ಎಲ್ಲೆಯನ್ನು ದಾಟಿ ನಡೆಯಿತು. ಸಂಪ್ರದಾಯವನ್ನು ನಂಬಿದ ಮನೆಗಳು ಈ ಪುಸ್ತಕಗಳನ್ನು ಸಂಶಯವಿಲ್ಲದೆ ಒಳಗೆ ಬಿಟ್ಟುಕೊಂಡಿರಬೇಕು. ಅವುಗಳೊಡನೆ ಓದುವ ಅಭ್ಯಾಸವೂ ಒಳಗೆ ಬಂದಿತೆನ್ನಬಹುದು.

ಕಾಲಕ್ರಮದಲ್ಲಿ ಕನ್ನಡದಲ್ಲಿ ನವೋದಯ ಸಾಹಿತ್ಯ ಬೆಳೆಯಿತು, ಭಾಷೆ ಬದಲಾಯಿತು, ಅಭಿರುಚಿ ಬದಲಾಯಿತು. ಹೊಸ ವಿಮರ್ಶೆಯ ಒರೆಗಲ್ಲಿನಲ್ಲಿ ತಿರುಮಲಾಂಬ ಅವರ ಕೃತಿಗಳಿಗೆ ಮನ್ನಣೆ ದೊರೆಯಲಿಲ್ಲ. ಅವರು ಮೆಲ್ಲನೆ ಬರವಣಿಗೆಯಿಂದ ಹಿಂದೆ ಸರಿದು ಮೌನವಾದರು. ಎಷ್ಟೋ ಮಂದಿಗೆ ದಾರಿ ತೋರಿದ ಲೇಖಕಿಗೆ, ತಾನು ಸೋತ ಹೊತ್ತಿನಲ್ಲಿ ಧೈರ್ಯ ಹೇಳುವವರು ಇಲ್ಲವಾದರು. ಕನ್ನಡನಾಡು ಅವರನ್ನು ಹಲವು ದಶಕಗಳ ಕಾಲ ಮರೆಯಿತು. ಅವರು 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮರೆತವರನ್ನು ಮತ್ತೆ ನೆನಪಿಗೆ ತಂದವರು ಮುಂದಿನ ಪೀಳಿಗೆಯ ಮಹಿಳೆಯರೇ. ಚಿ.ನ. ಮಂಗಳಾ ಮೊದಲಾದ ವಿದುಷಿಯರು ಅವರ ಕೃತಿಗಳನ್ನು ಹುಡುಕಿ ಓದಿ, ಸಾಹಿತ್ಯ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನವನ್ನು ಎತ್ತಿತೋರಿದರು. ಬೆಂಗಳೂರಿನ ಶಾಶ್ವತಿ ಸಂಸ್ಥೆ ತಿರುಮಲಾಂಬ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನು ಸ್ಥಾಪಿಸಿತು. ಬದುಕಿದ್ದಾಗ ಲೇಖಕಿಯರಿಗೆ ನೆಲೆ ಒದಗಿಸಿದವರ ಹೆಸರು, ತೀರಿಕೊಂಡ ಮೇಲೂ ಲೇಖಕಿಯರಿಗೆ ಗೌರವ ತರುವಂತಾಯಿತು.

ಸಕಲೇಶಪುರದ ಕಾಫಿ ತೋಟದ ನಡುವಿನ ಶಾಲೆಯಲ್ಲಾಗಲಿ, ಆಲೂರಿನ ಗುಡ್ಡದ ಹಳ್ಳಿಯಲ್ಲಾಗಲಿ, ಒಬ್ಬ ಹುಡುಗಿ ಇಂದು ಕಥೆಯೊಂದನ್ನು ಬರೆದು ತನ್ನ ಹೆಸರಿನಲ್ಲಿಯೇ ಪತ್ರಿಕೆಗೆ ಕಳುಹಿಸಿದರೆ ಯಾರೂ ಅಚ್ಚರಿಪಡುವುದಿಲ್ಲ. ಆ ಸಹಜತೆಯನ್ನು ಗಳಿಸಿಕೊಡಲು ಹದಿನಾಲ್ಕರ ಬಾಲವಿಧವೆಯೊಬ್ಬಳು ಓದಬೇಕಾಯಿತು, ಬರೆಯಬೇಕಾಯಿತು, ಅಚ್ಚುಕೂಟದೊಡನೆ ವ್ಯವಹರಿಸಬೇಕಾಯಿತು. ಅವಳಿಗೆ ಪುಸ್ತಕ ಕೊಟ್ಟ ತಂದೆಯನ್ನೂ ನಾವು ಮರೆಯುವಂತಿಲ್ಲ. ಪ್ರತಿಭೆ ಎಲ್ಲ ಮನೆಗಳಲ್ಲಿಯೂ ಹುಟ್ಟುತ್ತದೆ. ಅದು ಬೆಳೆಯುವುದು ಮಾತ್ರ ಆಸರೆಯ ಕೈಯೊಂದು ದೊರೆತಾಗ.