ಕಲ್ಲಹಳ್ಳಿಯ ದೇವರಾಜ ಅರಸು ಮತ್ತು ಪಾಸಾಗಲೇಬೇಕೆಂಬ ಷರತ್ತು

ಡಿ. ದೇವರಾಜ ಅರಸು ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ತಂದೆಯ ಹೆಸರೂ ದೇವರಾಜ ಅರಸು, ತಾಯಿ ದೇವೀರಮ್ಮಣ್ಣಿ. ಮೈಸೂರಿನ ರಾಜಮನೆತನಕ್ಕೆ ಬಹಳ ದೂರದ ಸಂಬಂಧಿಕರು. ಜಮೀನಿದ್ದ ಮನೆತನ. ಸಿನಿಮಾ ನಟ, ನಿರ್ದೇಶಕ ಕೆಂಪರಾಜ ಅರಸು ಇವರ ತಮ್ಮ ಎಂಬುದು ನಮ್ಮೂರಿನ ಹಿರಿಯರಿಗೆಲ್ಲ ಗೊತ್ತು, ನನ್ನ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಇವರ ಬಗ್ಗೆ ಭೂಸುಧಾರಣೆಯ ಕಡೆಯಿಂದ ಬರೆದವರು ಬಹಳ ಜನ ಇದ್ದಾರೆ. ಚಿನ್ನದ ಹಬ್ಬದ ಈ ಸಂಚಿಕೆಗೆ ನಾನು ಇನ್ನೊಂದು ಕಡೆಯಿಂದ ಬರೆಯಬಯಸುತ್ತೇನೆ. ಓದುವ ಹುಡುಗನಿಗೆ ಸಿಗುವ ನೆರವು, ಮತ್ತು ಆ ನೆರವು ಕೈತಪ್ಪದಂತೆ ಉಳಿಸಿಕೊಳ್ಳುವುದು. ನಾವು ಓದಿ ಮೇಲೆ ಬಂದವರಲ್ಲಿ ಹೆಚ್ಚಿನವರು ಈ ಎರಡರ ನಡುವೆ ನಡೆದು ಬಂದವರೇ.

ಬಾಲಕ ದೇವರಾಜನನ್ನು ಓದಿಗೆ ಮೈಸೂರಿನ ಅರಸು ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅರಸು ಸಮುದಾಯದ ಹುಡುಗರಿಗಾಗಿ ಮಹಾರಾಜರು ನಡೆಸುತ್ತಿದ್ದ ಶಾಲೆ ಅದು. ಊಟ, ವಸತಿ, ಪಾಠ ಮೂರೂ ಒಂದೇ ಕಡೆ. ಹದಿನೈದನೇ ವಯಸ್ಸಿಗೆ ಚಿಕ್ಕಮ್ಮಣ್ಣಿಯವರೊಂದಿಗೆ ಮದುವೆಯೂ ಆಯಿತು, ಆ ಕಾಲದ ಪದ್ಧತಿ. ಮದುವೆಯಾದರೂ ಓದು ನಿಲ್ಲಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದರು. ಆಗಿನ ಮೈಸೂರು ಸಂಸ್ಥಾನದಲ್ಲಿ ಬಿ.ಎಸ್ಸಿ. ಎಂದರೆ ಸರ್ಕಾರಿ ಹುದ್ದೆಯ ಬಾಗಿಲು. ಅವರು ಆ ಬಾಗಿಲು ತಟ್ಟದೆ ಕಲ್ಲಹಳ್ಳಿಗೆ ಬಂದು ಬೇಸಾಯ ಹಿಡಿದರು.

ಊರಲ್ಲಿ ಕೂತವರನ್ನು ಊರ ಜನ ಬಿಡಲಿಲ್ಲ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಹುಣಸೂರಿನ ಶಾಸಕರಾಗಿ ಗೆಲ್ಲುತ್ತ ಬಂದರು, ಮಂತ್ರಿಯೂ ಆದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ನಾಯಕರು ಒಂದು ಕಡೆ ಹೋದರೆ ಇವರು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಜನಸಂಖ್ಯೆಯಲ್ಲಿ ಬೆರಳೆಣಿಕೆಯಷ್ಟಿದ್ದ ಸಮುದಾಯದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಆಗ ಎಲ್ಲರಿಗೂ ಆಶ್ಚರ್ಯ.

ಆ ವರ್ಷದ ಆಗಸ್ಟಿನಲ್ಲೇ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. ಮೈಸೂರಿಗೆ ಈ ವಿಚಾರ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲೇ, ಮಿಲ್ಲರ್ ಸಮಿತಿ ಬಂದಿತ್ತು. 1960ರ ದಶಕದ ಆರಂಭದಲ್ಲಿ ನಾಗನಗೌಡ ಸಮಿತಿ ಬಂದಿತ್ತು. ಅದರ ಆಧಾರದ ಮೇಲೆ ಹೊರಟ ಆದೇಶವನ್ನು ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ಆದ್ದರಿಂದ ಯಾರು ಹಿಂದುಳಿದವರು ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅಳೆದು ತೋರಿಸಬೇಕಿತ್ತು.

ಅಳೆದದ್ದು ಹೇಗೆ ಎಂಬುದೇ ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು. ಹಾವನೂರು ಆಯೋಗ ಹಿಡಿದ ಅಳತೆಗೋಲುಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಒಂದು. ಒಂದೊಂದು ಸಮುದಾಯದಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳು 1972ರ ಪರೀಕ್ಷೆಯಲ್ಲಿ ಪಾಸಾದರು ಎಂದು ಲೆಕ್ಕ ಹಾಕಿ, ಅದನ್ನು ರಾಜ್ಯದ ಸರಾಸರಿಗೆ ಹೋಲಿಸಿದರು. ಅಂದರೆ ಹುಡುಗ ಫೇಲಾದರೆ ಅದು ಅವನೊಬ್ಬನ ದಡ್ಡತನವೆಂದು ಸರ್ಕಾರ ಓದಲಿಲ್ಲ. ಅವನು ಎಲ್ಲಿಂದ ಹೊರಟಿದ್ದ ಎಂಬುದರ ಸೂಚನೆ ಎಂದು ಓದಿತು. 1975ರ ನವೆಂಬರಿನಲ್ಲಿ ವರದಿ ಬಂತು, 1977ರಲ್ಲಿ ಆದೇಶವಾಯಿತು. ವಿರೋಧವೂ ಸಣ್ಣದಿರಲಿಲ್ಲ. ವಿಷಯ ಕೋರ್ಟ್ ಮೆಟ್ಟಿಲೇರಿ ವರ್ಷಗಟ್ಟಲೆ ನಡೆಯಿತು.

ಈ ನಡುವೆ 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಿತ್ತು. ಗೇಣಿದಾರರ ಅರ್ಜಿ ಕೇಳಲು ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕೂತವು. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ ಎಂದು ಮಾಡಿದ್ದು ಅರಸು ಸರ್ಕಾರದ ಜಾಣತನ. ಫೀಸು ಕೊಡಲಾರದ ಗೇಣಿದಾರ ತಾನೇ ನಿಂತು ಮಾತಾಡಬಹುದಿತ್ತು. ಜೀತವೂ ಕಾನೂನಿನ ಕಣ್ಣಲ್ಲಿ ನಿಂತಿತು. ನಮ್ಮ ಶಾಲೆ ಆರಂಭವಾದದ್ದು ಇದೇ ಹೊತ್ತಿನಲ್ಲಿ. ಮೊದಲ ತಂಡಗಳಲ್ಲಿ ಕೂತ ಎಷ್ಟೋ ಮಕ್ಕಳ ಮನೆಯಲ್ಲಿ ಅವರಿಗಿಂತ ಮುಂಚೆ ಯಾರೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಬೆಳೆದದ್ದೂ ಆ ದಿನಗಳಲ್ಲೇ. ತಾನು ಬೋರ್ಡಿಂಗಿನಲ್ಲಿ ಊಟ ಮಾಡಿ ಓದಿದವರಿಗೆ ಹಾಸ್ಟೆಲಿನ ಒಂದು ತಟ್ಟೆಯ ಬೆಲೆ ಗೊತ್ತಿತ್ತು ಎಂದು ನಾನು ಭಾವಿಸುತ್ತೇನೆ.

ಹಾಸ್ಟೆಲು ಸಿಕ್ಕಿತು, ಸ್ಕಾಲರ್‌ಶಿಪ್ ಸಿಕ್ಕಿತು. ಅದು ಮುಂದಿನ ವರ್ಷಕ್ಕೂ ಇರಬೇಕಾದರೆ? ಇಲ್ಲಿ ಷರತ್ತುಗಳು ಬರುತ್ತವೆ. ಹಾಜರಾತಿ ಇರಬೇಕು, ನಡತೆ ಸರಿ ಇರಬೇಕು, ಪಾಸಾಗಿ ಮುಂದಿನ ತರಗತಿಗೆ ಹೋಗಬೇಕು. ನವೀಕರಣ ಎಂದರೆ ಇಷ್ಟೇ. ಈ ಷರತ್ತು ತಪ್ಪು ಎಂದು ನಾನು ಹೇಳುವುದಿಲ್ಲ. ಸೀಟು ಮಿತ, ಹಣ ಮಿತ, ಸಾಲಿನಲ್ಲಿ ಇನ್ನೊಂದು ಮಗು ನಿಂತಿರುತ್ತದೆ. ಆದರೆ ಎಲ್ಲರಿಗೂ ಒಂದೇ ಆದ ಷರತ್ತು ಎಲ್ಲರ ಮೇಲೂ ಒಂದೇ ಭಾರ ಹಾಕುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯಬೇಕು. ಕೆ.ಆರ್. ನಗರದ ಕಡೆ ನಾಟಿ, ಕುಯ್ಲು. ಎಚ್.ಡಿ. ಕೋಟೆಯ ಹಾಡಿಯಿಂದ ಬರುವ ಮಗುವಿಗೆ ಕಾಡಂಚಿನ ದಾರಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಕಾಲೇಜಿನ ಮೊದಲ ದಿನವೇ ಎಲ್ಲ ಇಂಗ್ಲಿಷ್.

ನಾನು ಬಿ.ಇ. ಓದುವಾಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಾಲ್ಕಕ್ಕಿಂತ ಹೆಚ್ಚು ವಿಷಯ ಬಾಕಿ ಉಳಿದರೆ ಮುಂದಿನ ವರ್ಷಕ್ಕೆ ಹೋಗುವಂತಿರಲಿಲ್ಲ. ಅದನ್ನು ಇಯರ್ ಬ್ಯಾಕ್ ಎನ್ನುತ್ತಿದ್ದೆವು. ಕೋಟೆ ಕಡೆಯ ನನ್ನ ಸಹಪಾಠಿಯೊಬ್ಬ, ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವನು, ಮೊದಲ ವರ್ಷ ಐದರಲ್ಲಿ ನಿಂತ. ಇನ್ನು ಸ್ಕಾಲರ್‌ಶಿಪ್ ಬರುವುದಿಲ್ಲ ಎಂದುಕೊಂಡು ಅರ್ಜಿಯನ್ನೇ ಹಾಕದೆ ಮೈಸೂರಿನ ಫ್ಯಾಕ್ಟರಿಯೊಂದರಲ್ಲಿ ದಿನಗೂಲಿಗೆ ಸೇರಿದ. ಅವನು ಪಡೆಯುತ್ತಿದ್ದುದು ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, 1944ರಲ್ಲಿ ಶುರುವಾದ ಯೋಜನೆ. ಅದರ ನಿಯಮದಲ್ಲಿ ಒಂದು ಸಾಲಿತ್ತು: ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸಿನಲ್ಲಿ ಮೊದಲ ಸಲ ಫೇಲಾದರೆ ನವೀಕರಣ ಕೊಡಬಹುದು. ಎರಡನೇ ಸಲ ಫೇಲಾದರೆ ಮಾತ್ರ ಮುಂದಿನ ತರಗತಿಗೆ ಹೋಗುವವರೆಗೆ ಖರ್ಚು ವಿದ್ಯಾರ್ಥಿಯದೇ. ಕಾಯಿಲೆಯಿಂದ ಪರೀಕ್ಷೆ ತಪ್ಪಿದವರಿಗೂ ವೈದ್ಯರ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. ಈ ಸಾಲನ್ನು ಅವನಿಗೆ ಯಾರೂ ಓದಿ ಹೇಳಿರಲಿಲ್ಲ. ವರ್ಷದ ನಂತರ ಬಾಕಿ ವಿಷಯ ಮುಗಿಸಿ ವಾಪಸ್ ಬಂದ, ವೇತನವೂ ಮತ್ತೆ ಬಂತು. ಈಗ ಅವನೂ ನನ್ನ ಹಾಗೆ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಮನೆಯಲ್ಲಿ ಯಾರಾದರೂ ವಾಪಸ್ ಬರಬೇಡ ಎಂದಿದ್ದರೆ ಕೂಲಿಯಲ್ಲೇ ಇರುತ್ತಿದ್ದ.

ನಿಯಮಗಳು ಯೋಜನೆಯಿಂದ ಯೋಜನೆಗೆ ಬೇರೆ, ಆಗಾಗ ಬದಲಾಗುತ್ತವೆ ಕೂಡ. ಹತ್ತನೇ ತರಗತಿ ಮುಗಿಸಿ ಹೊರಡುವ ಮಕ್ಕಳನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ನವೀಕರಣದ ನಿಯಮ ಓದಿಸಿದರೆ ಸಾಕು. ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಅದು. ಹಳೆಯ ವಿದ್ಯಾರ್ಥಿಗಳಾದ ನಾವೂ ಬರುತ್ತೇವೆ.

ಅರಸು ಅವರ ಕೊನೆಯ ವರ್ಷಗಳು ಸುಖದವಲ್ಲ. 1977ರ ಕೊನೆಗೆ ಸರ್ಕಾರ ಹೋಯಿತು, 1978ರ ಫೆಬ್ರವರಿಯಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. 1979ರಲ್ಲಿ ಇಂದಿರಾ ಗಾಂಧಿಯವರೊಂದಿಗೆ ಮನಸ್ತಾಪವಾಗಿ ಬೇರೆಯಾದರು. 1980ರ ಜನವರಿಯಲ್ಲಿ ಅಧಿಕಾರ ಕೈಬಿಟ್ಟಿತು. ಜೊತೆಗಿದ್ದವರಲ್ಲಿ ಎಷ್ಟೋ ಮಂದಿ ಬಿಟ್ಟು ಹೋದರು, ಅವರೇ ಬೆಳೆಸಿದವರೂ ಅದರಲ್ಲಿದ್ದರು. 1982ರ ಜೂನ್ 6ರಂದು ಅರಸು ತೀರಿಕೊಂಡರು. ಅವರ ಕಾಲದಲ್ಲಿ, 1977ರಲ್ಲಿ, ಸ್ಥಾಪನೆಯಾದ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಕ್ಕೆ 2005ರಲ್ಲಿ ಅವರ ಹೆಸರಿಟ್ಟರು. ಅಲ್ಲಿಂದ ವೃತ್ತಿ ಶಿಕ್ಷಣಕ್ಕೆ ಅರಿವು ಎಂಬ ಸಾಲ ಕೊಡುತ್ತಾರೆ.

ಪ್ರತಿ ಆಗಸ್ಟ್ 20ರಂದು ಹಿಂದುಳಿದ ವರ್ಗಗಳ ಹಾಸ್ಟೆಲುಗಳಲ್ಲಿ ಅವರ ಫೋಟೋಗೆ ಹಾರ ಹಾಕಿ ಸಿಹಿ ಹಂಚುತ್ತಾರೆ. ಹಿಂದಿನ ವರ್ಷದ ಅಂಕಪಟ್ಟಿ ಹಿಡಿದು ಮಕ್ಕಳು ನವೀಕರಣಕ್ಕೆ ಓಡಾಡುವುದೂ ಹೆಚ್ಚುಕಡಿಮೆ ಅದೇ ಮಳೆಗಾಲದಲ್ಲಿ.