ಕಾರ್ಪೆಟ್ ಮಾರಿದ ವೈದ್ಯ, ಗುಂಡಿ ಹೊಲಿದ ಹೆಂಡತಿ

ದೀಪಾವಳಿಗೆ ಗದಗದಿಂದ ಡೊಂಬಿವಲಿಯ ನಮ್ಮ ಮನೆಗೆ ಅತ್ತಿಗೆ ಬಂದಿದ್ದರು. ಬಂದವರು ಹೇಗೂ ಎರಡು ವಾರ ಇರುತ್ತಾರೆ, ಒಮ್ಮೆ ಪ್ಯಾಪ್ ಟೆಸ್ಟ್ ಮಾಡಿಸಿಬಿಡೋಣ ಎಂದೆ. ಅವರಿಗೆ ಈಗ 47 ವರ್ಷ. ಇದುವರೆಗೆ ಅಂಥದ್ದೊಂದು ಪರೀಕ್ಷೆ ಇದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅವರ ಕಿವಿಗೆ ಅದು ಪಾಪದ ಟೆಸ್ಟ್ ಎಂದು ಬಿತ್ತು. ತಾನೇನು ಪಾಪ ಮಾಡಿದ್ದೇನೆಂದು ಮುಖ ಸಣ್ಣದು ಮಾಡಿಕೊಂಡು ಅಡುಗೆಮನೆಗೆ ಹೋದರು. ಮೊದಲು ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಮುಂಬೈನ ಒಂದು ಪ್ರಯೋಗಾಲಯದಲ್ಲಿ ಹದಿನಾರು ವರ್ಷಗಳಿಂದ ಇದೇ ಸ್ಲೈಡುಗಳನ್ನು ನೋಡುತ್ತಾ ಕೂತವಳು ನಾನು. ನಮ್ಮ ಮನೆಯ ಹೆಂಗಸರಿಗೇ ಈ ಹೆಸರಿನ ಅರ್ಥ ಹೇಳಿರಲಿಲ್ಲ.

ಪ್ಯಾಪ್ ಎಂಬುದು ಒಬ್ಬ ಮನುಷ್ಯನ ಉದ್ದನೆಯ ಹೆಸರಿನ ಮೊದಲ ತುಣುಕು, ಅಷ್ಟೆ. ಅವತ್ತು ರಾತ್ರಿ ಚಕ್ಕುಲಿ ಕರಿಯುತ್ತಾ ಅತ್ತಿಗೆಗೆ ಆ ಮನುಷ್ಯನ ಕಥೆ ಹೇಳಿದೆ. ಊರು ಬಿಟ್ಟು ಊಟ ಹುಡುಕಿಕೊಂಡು ಬಂದ ನಮಗೆಲ್ಲ ಅದು ತೀರಾ ಪರಕೀಯ ಅನ್ನಿಸುವ ಕಥೆಯಲ್ಲ.

ಜಾರ್ಜ್ ಪಾಪಾನಿಕೊಲಾವ್ ಹುಟ್ಟಿದ್ದು 1883ರ ಮೇ 13ರಂದು, ಗ್ರೀಸ್ ದೇಶದ ಎವಿಯಾ ದ್ವೀಪದ ಕೀಮಿ ಎಂಬ ಕಡಲೂರಿನಲ್ಲಿ. ಅಪ್ಪ ವೈದ್ಯ, ಊರಿನ ಮೇಯರ್ ಕೂಡ. ಮಗ ಅಥೆನ್ಸ್‌ನಲ್ಲಿ ಓದಿ 1904ರಲ್ಲಿ ವೈದ್ಯನಾದ. ಊರಿಗೆ ಬಂದು ತನ್ನ ದವಾಖಾನೆ ನೋಡಿಕೊಳ್ಳಲಿ ಎಂಬುದು ಅಪ್ಪನ ಆಸೆ. ಮಗನಿಗೆ ನಾಡಿ ಹಿಡಿಯುವುದಕ್ಕಿಂತ ಜೀವಕೋಶದೊಳಗೆ ಇಣುಕುವುದರಲ್ಲಿ ಹುಚ್ಚು. ಜರ್ಮನಿಗೆ ಹೋದ. 1910ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದ. ವಿಷಯ, ನೀರಿನಲ್ಲಿ ಬದುಕುವ ಡಾಫ್ನಿಯಾ ಎಂಬ ಸಣ್ಣ ಜೀವಿಯಲ್ಲಿ ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದು. ಅದೇ ವರ್ಷ ಆಂಡ್ರೊಮಾಕಿ ಮಾವ್ರೊಯೆನಿ ಎಂಬ ಒಳ್ಳೆಯ ಮನೆತನದ ಹುಡುಗಿಯನ್ನು ಮದುವೆಯಾದ. ಮುಂದೆ ಅಮೆರಿಕದಲ್ಲಿ ಎಲ್ಲರೂ ಆಕೆಯನ್ನು ಮೇರಿ ಎಂದು ಕರೆದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯ ಅರ್ಧ ಭಾಗ ಇವರದೇ.

ಬಾಲ್ಕನ್ ಯುದ್ಧದಲ್ಲಿ ಪಾಪಾನಿಕೊಲಾವ್ ಸೈನ್ಯದ ವೈದ್ಯರಾಗಿದ್ದರು. ಹೋರಾಡಲು ಅಮೆರಿಕದಿಂದ ಮರಳಿ ಬಂದಿದ್ದ ಗ್ರೀಕರು ಅಲ್ಲಿ ಸಿಕ್ಕರು, ಆ ದೇಶದ ಆಸೆ ಹುಟ್ಟಿದ್ದು ಅವರಿಂದ. 1913ರ ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ನ್ಯೂಯಾರ್ಕಿನಲ್ಲಿ ಇಳಿದಾಗ ಕೈಯಲ್ಲಿದ್ದದ್ದು 250 ಡಾಲರ್. ಇಂಗ್ಲಿಷ್ ಬಾರದು. ಗುರುತಿನವರಿಲ್ಲ. ಎರಡು ಪದವಿ ಇಟ್ಟುಕೊಂಡ ವೈದ್ಯ ಗಿಂಬೆಲ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಕಾರ್ಪೆಟ್ ಮಾರಲು ನಿಂತರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಹೋಟೆಲುಗಳಲ್ಲಿ ಪಿಟೀಲು ಬಾರಿಸಿದರು, ಗ್ರೀಕ್ ಪತ್ರಿಕೆಯೊಂದರಲ್ಲಿ ಗುಮಾಸ್ತಿಕೆ ಮಾಡಿದರು. ಮೇರಿ ಅದೇ ಅಂಗಡಿಯಲ್ಲಿ ವಾರಕ್ಕೆ ಐದು ಡಾಲರಿಗೆ ಗುಂಡಿ ಹೊಲಿದರು. ಮುಂಬೈಗೆ ಬಂದ ಮೊದಲ ವರ್ಷ ಬಿಎಸ್ಸಿ ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಝೆರಾಕ್ಸ್ ಅಂಗಡಿಯಲ್ಲಿ ಕೂತ ನನ್ನ ಗಂಡನಿಗೆ ಈ ಭಾಗ ಬಹಳ ಇಷ್ಟ.

ಡಾಫ್ನಿಯಾದ ಕೆಲಸವೇ ಕೊನೆಗೆ ಕೈ ಹಿಡಿಯಿತು. ಅದನ್ನು ಬಲ್ಲ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ಶಿಫಾರಸಿನಿಂದ 1914ರಲ್ಲಿ ಪ್ರಯೋಗಾಲಯದ ಬಾಗಿಲು ತೆರೆಯಿತು. ಆಮೇಲೆ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಅವರ ಜತೆ ಕೆಲಸ. ಸುಮಾರು ಅರ್ಧ ಶತಮಾನ ಅಲ್ಲೇ ಕಳೆಯಿತು. ಮೇರಿ ಗುಂಡಿ ಹೊಲಿಯುವುದು ಬಿಟ್ಟು ಗಂಡನ ಪ್ರಯೋಗಾಲಯ ಸೇರಿದರು. ಸಂಬಳವಿಲ್ಲ.

ಅಲ್ಲಿ ಗಿನಿಯಿಲಿಗಳ ಅಂಡಾಣು ಬೇಕಿತ್ತು, ಅದೂ ಸರಿಯಾದ ಗಳಿಗೆಯಲ್ಲಿ. ಆ ಗಳಿಗೆ ಯಾವುದೆಂದು ತಿಳಿಯದೆ ಪ್ರಾಣಿಗಳನ್ನು ಊಹೆಯ ಮೇಲೆ ಕೊಲ್ಲುತ್ತಿದ್ದರು. ಹೆಂಗಸರಿಗೆ ಮುಟ್ಟಿನ ಚಕ್ರ ಇರುವಂತೆ ಇವಕ್ಕೂ ಇರಬೇಕು, ಕಣ್ಣಿಗೆ ಕಾಣದಷ್ಟು ಸ್ವಲ್ಪ ಇರಬಹುದು ಎಂದು ಪಾಪಾನಿಕೊಲಾವ್ ಯೋಚಿಸಿದರು. ಮೂಗು ಪರೀಕ್ಷಿಸುವ ಪುಟ್ಟ ಸಾಧನವೊಂದನ್ನು ತಂದು ಗಿನಿಯಿಲಿಯ ಯೋನಿಯಿಂದ ದಿನವೂ ಒಂದು ತೊಟ್ಟು ದ್ರವ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಇಟ್ಟರು. ರಕ್ತ ಇರಲಿಲ್ಲ. ಆದರೆ ಜೀವಕೋಶಗಳ ಆಕಾರ ದಿನದಿಂದ ದಿನಕ್ಕೆ ಬದಲಾಗುತ್ತಿತ್ತು, ಮತ್ತೆ ಮೊದಲಿನಂತಾಗುತ್ತಿತ್ತು. ಪ್ರಾಣಿಯನ್ನು ಕೊಲ್ಲದೆ ಅದರ ಒಳಗಿನ ಗಡಿಯಾರ ನೋಡಬಹುದಾಗಿತ್ತು. ಸ್ಟಾಕರ್ಡ್ ಜತೆಗೂಡಿ ಇದನ್ನು 1917ರಲ್ಲಿ ಪ್ರಕಟಿಸಿದರು.

ಮುಂದಿನ ಪ್ರಶ್ನೆ ಹೆಂಗಸರದು. ದಿನವೂ ತಪ್ಪದೆ, ವರ್ಷಗಟ್ಟಲೆ ಮಾದರಿ ಕೊಡುವವರು ಯಾರು? ಮೇರಿ. ಎರಡು ದಶಕಗಳಿಗೂ ಹೆಚ್ಚು ಕಾಲ ಆಕೆ ತನ್ನ ದೇಹದ ಮಾದರಿ ಕೊಟ್ಟರು. ಬೆಳಿಗ್ಗೆ ಮಾದರಿ ಕೊಟ್ಟು, ಅದೇ ಪ್ರಯೋಗಾಲಯದಲ್ಲಿ ದುಡಿದು, ಸಂಜೆ ಮನೆಗೆ ಬಂದು ಅಡುಗೆ. ದಂಪತಿಗೆ ಮಕ್ಕಳಿರಲಿಲ್ಲ. ಸಹಜ ಜೀವಕೋಶ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಅಸಹಜವನ್ನು ಗುರುತಿಸಲಾಗದು. ನನ್ನಂಥವರು ತರಬೇತಿಯಲ್ಲಿ ಮೊದಲು ಕಲಿಯುವ ಆ ಸಹಜದ ಪಾಠ ಬಂದದ್ದು ಬಹುಮಟ್ಟಿಗೆ ಈಕೆಯಿಂದ. ಪರೀಕ್ಷೆಗೆ ಅವರ ಹೆಸರು ಮಾತ್ರ ಇಲ್ಲ. ಮದುವೆಯಾದ ಮೇಲೆ ಅಡ್ಡಹೆಸರು ಒಂದೇ ಅಲ್ಲವೇ, ಹಾಗಾದರೆ ಇದೆ ಎಂದು ಅತ್ತಿಗೆ ತೀರ್ಪು ಕೊಟ್ಟರು.

ಬೇರೆ ಹೆಂಗಸರ ಮಾದರಿಗಳನ್ನೂ ನೋಡುತ್ತಾ ಹೋದಾಗ ಒಂದು ಸ್ಲೈಡಿನಲ್ಲಿ ವಿಕಾರವಾದ ಕೋಶಗಳು ಕಂಡವು. ಆ ಮಹಿಳೆಗೆ ಗರ್ಭಕಂಠದ ಕ್ಯಾನ್ಸರ್ ಇತ್ತು. ಗರ್ಭಕಂಠ ಎಂದರೆ ಗರ್ಭಕೋಶದ ಬಾಯಿ. ಅಲ್ಲಿ ಉದುರಿದ ಕೋಶಗಳಲ್ಲೇ ಕ್ಯಾನ್ಸರ್ ಕಾಣುತ್ತದೆ ಎಂದರೆ ಕತ್ತಿ ಬೇಕಿಲ್ಲ, ಅರಿವಳಿಕೆ ಬೇಕಿಲ್ಲ. 1928ರ ಜನವರಿಯಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಇದನ್ನು ಮಂಡಿಸಿದರು. ಅದು ಮನುಷ್ಯ ಜನಾಂಗವನ್ನು ಸುಧಾರಿಸುತ್ತೇವೆ ಎಂದು ಹೊರಟವರ ಸಮ್ಮೇಳನ. ಇವತ್ತು ಆ ವಿಚಾರಕ್ಕೆ ಯಾರೂ ತಲೆಬಾಗುವುದಿಲ್ಲ. ಅಂಥ ಕಡೆ ಓದಿದ ಪ್ರಬಂಧವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತುಂಡು ಕತ್ತರಿಸಿ ನೋಡುವ ಬಯಾಪ್ಸಿ ಇರುವಾಗ ಉದುರಿದ ಕೋಶ ಯಾಕೆ ಎಂಬುದು ಆ ಕಾಲದ ಪೆಥಾಲಜಿಸ್ಟರ ಧೋರಣೆ. ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ರೊಮೇನಿಯಾದ ಔರೆಲ್ ಬಾಬೆಶ್ ಎಂಬ ವೈದ್ಯರು 1927ರಲ್ಲೇ ಬೇರೆ ವಿಧಾನದಿಂದ ಇದೇ ಮಾತು ಹೇಳಿದ್ದರು. ಆ ದೇಶದವರಿಗೆ ಈ ಪರೀಕ್ಷೆಯ ಹೆಸರಿನ ಬಗ್ಗೆ ಇಂದಿಗೂ ಮುನಿಸಿದೆ.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಾಪಾನಿಕೊಲಾವ್ ಹಾರ್ಮೋನುಗಳ ಅಧ್ಯಯನಕ್ಕೆ ಮರಳಿದರು. 1939ರಲ್ಲಿ ವಿಭಾಗಕ್ಕೆ ಜೋಸೆಫ್ ಹಿನ್ಸಿ ಎಂಬ ಹೊಸ ಮುಖ್ಯಸ್ಥರು ಬಂದರು. ಅವರ ಬೆಂಬಲದಿಂದ ಹಳೆಯ ಕೆಲಸಕ್ಕೆ ಜೀವ ಬಂತು. ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರೌಟ್ ಆಸ್ಪತ್ರೆಯಿಂದ ಮಾದರಿಗಳನ್ನು ಕೊಟ್ಟರು. ಇಬ್ಬರೂ ಸೇರಿ 1941ರಲ್ಲಿ ಪ್ರಬಂಧ, 1943ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಪುಸ್ತಕಕ್ಕೆ ಕೋಶಗಳ ಚಿತ್ರ ಬರೆದವರು ಜಪಾನಿನಲ್ಲಿ ಹುಟ್ಟಿದ ಹಶಿಮೆ ಮುರಯಾಮ. ಗ್ರೀಸಿನ ವಲಸಿಗನ ಪುಸ್ತಕಕ್ಕೆ ಜಪಾನಿನ ವಲಸಿಗನ ಕುಂಚ, ಅದೂ ಎರಡನೇ ಮಹಾಯುದ್ಧದ ನಡುವೆ. 1947ರಲ್ಲಿ ಕೆನಡಾದ ಅರ್ನೆಸ್ಟ್ ಏರ್ ಎಂಬುವರು ಗರ್ಭಕಂಠದಿಂದಲೇ ಕೋಶ ಕೆರೆದು ತೆಗೆಯುವ ಮರದ ಚಪ್ಪಟೆ ಕಡ್ಡಿ ತಂದರು, ಕೆಲಸ ಇನ್ನೂ ಸುಲಭವಾಯಿತು. ಪಾಪಾನಿಕೊಲಾವ್ ರೂಪಿಸಿದ ಬಣ್ಣದ ಪಾಕವನ್ನು ನಾವು ಈಗಲೂ ಬಳಸುತ್ತೇವೆ. ಒಳ್ಳೆಯ ಸ್ಲೈಡು ಗುಲಾಬಿ, ನೀಲಿ, ಕಿತ್ತಳೆ ಬಣ್ಣಗಳಲ್ಲಿ ಇಳಕಲ್ ಸೀರೆಯ ಸೆರಗಿನಂತೆ ಕಾಣುತ್ತದೆ.

1940ರ ದಶಕದಲ್ಲೇ ಅವರು ಇದೇ ವಿಧಾನವನ್ನು ಕಫಕ್ಕೂ ಅನ್ವಯಿಸಿದರು. ಶ್ವಾಸಕೋಶದ ಕ್ಯಾನ್ಸರಿನ ಕೋಶಗಳು ಕಫದಲ್ಲಿ ಕಾಣುತ್ತಿದ್ದವು. 1950ರಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಂ ತೋರಿಸಿಕೊಟ್ಟರು. ಹಾಗಾದರೆ ಬೀಡಿ ಸಿಗರೇಟು ಸೇದುವವರ ಕಫವನ್ನು ಆಗಾಗ ಪರೀಕ್ಷಿಸಿದರೆ ಸಾಕಲ್ಲ ಎನ್ನಿಸುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಯೋಗಗಳನ್ನೇ ಮಾಡಿ ನೋಡಿದರು. ಕಫದ ಪರೀಕ್ಷೆಯಿಂದ ಸಾವು ಕಡಿಮೆಯಾಗಲಿಲ್ಲ. ಗರ್ಭಕಂಠದಲ್ಲಿ ಕೋಶ ಕೆಡಲು ತೊಡಗಿದ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು, ಕೈಗೆ ಸಿಗುವ ಜಾಗ, ಕೆಟ್ಟ ಭಾಗವನ್ನು ಸುಲಭವಾಗಿ ತೆಗೆಯಬಹುದು. ಶ್ವಾಸಕೋಶ ಅಷ್ಟು ಸಮಯ ಕೊಡುವುದಿಲ್ಲ. ಅಲ್ಲಿ ದೊಡ್ಡ ಮದ್ದು ಸೇದುವುದನ್ನು ಬಿಡುವುದೇ. ಪ್ಯಾಪ್ ಪರೀಕ್ಷೆ ವ್ಯಾಪಕವಾದ ಅಮೆರಿಕದಲ್ಲಿ 1955 ಮತ್ತು 1992ರ ನಡುವೆ ಗರ್ಭಕಂಠದ ಕ್ಯಾನ್ಸರ್ ಸಾವುಗಳು ಸುಮಾರು ಶೇ 70ರಷ್ಟು ಇಳಿದವು.

ಈ ಎರಡು ದಾರಿ ಒಂದೆಡೆ ಕೂಡುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದನ್ನು ತೋರಿಸಿದ ಹರಾಲ್ಡ್ ಜೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಪಾಪಾನಿಕೊಲಾವ್‌ಗೆ ಬರಲೇ ಇಲ್ಲ. ವೈರಸ್ ತಗುಲಿದವರಲ್ಲಿ ಬಹುಪಾಲು ಹೆಂಗಸರ ದೇಹ ತಾನೇ ಅದನ್ನು ಹೊರಹಾಕುತ್ತದೆ. ಸಿಗರೇಟು ಸೇದುವವರಲ್ಲಿ ಅದು ಉಳಿದುಕೊಳ್ಳುವ ಸಂಭವ ಹೆಚ್ಚು. ಗರ್ಭಕಂಠದ ಲೋಳೆಯಲ್ಲಿ ನಿಕೋಟಿನ್ನಿನ ಅಂಶಗಳೇ ಪತ್ತೆಯಾಗಿವೆ. ಧೂಮಪಾನ ಈ ಕ್ಯಾನ್ಸರಿಗೂ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿತು. ಹೀಗಾಗಿ ಹಲವು ದೇಶಗಳಲ್ಲಿ ಸ್ಲೈಡು ಕೆಟ್ಟು ಬಂದಾಗಲೇ ತಂಬಾಕು ಬಿಡಿಸುವ ಮಾತೂ ಶುರುವಾಗುತ್ತದೆ. ಭಯ ಹಸಿಯಾಗಿರುವಾಗ ಮಾತು ಕೇಳುತ್ತಾರೆ. ನಮ್ಮ ಹೆಂಗಸರು ಸೇದುವುದು ಕಡಿಮೆ. 2016-17ರ ಸಮೀಕ್ಷೆಯಲ್ಲಿ ಸೇದುವ ಮಹಿಳೆಯರು ಶೇ 2, ಹೊಗೆರಹಿತ ತಂಬಾಕು ಬಳಸುವವರು ಶೇ 12.8. ಇಲ್ಲಿ ಮಿಶ್ರಿ, ನಮ್ಮ ಕಡೆ ಕಡ್ಡಿಪುಡಿ. ಅದರ ಮೊದಲ ಏಟು ಬಾಯಿಗೆ. ಅತ್ತಿಗೆ ಇಲ್ಲಿಯವರೆಗೆ ಕೇಳಿಸಿಕೊಂಡು, ಸೊಂಟದಲ್ಲಿ ಸಿಕ್ಕಿಸಿದ್ದ ಕಡ್ಡಿಪುಡಿ ಚೀಟಿಯನ್ನು ಸೆರಗಿನಿಂದ ಮುಚ್ಚಿಕೊಂಡರು.

ಭಾರತದಲ್ಲಿ ಸ್ಲೈಡು ನೋಡುವ ನನ್ನಂಥವರು ಸಾಲುವುದಿಲ್ಲ. ಅದಕ್ಕೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ವಿನೆಗರ್ ಹಚ್ಚಿ ಬಿಳಿ ಕಲೆ ನೋಡುವ ವಿಧಾನ ಅದು. ಸಾವು ಶೇ 31ರಷ್ಟು ಕಡಿಮೆಯಾಯಿತು ಎಂದು 2013ರಲ್ಲಿ ತಿಳಿಸಿದರು. ಹೋಲಿಕೆಗಾಗಿ ಪರೀಕ್ಷಿಸದೆ ಬಿಟ್ಟ ಗುಂಪಿನ ಬಗ್ಗೆ ಟೀಕೆಯೂ ಬಂತು, ಅದು ಸಣ್ಣ ಪ್ರಶ್ನೆಯಲ್ಲ. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ಶೇ 1.9 ಮಾತ್ರ.

ಪಾಪಾನಿಕೊಲಾವ್ ಕೊನೆಯವರೆಗೂ ರಜೆ ಎಂದರೆ ಏನೆಂದು ತಿಳಿಯದವರು. 1961ರಲ್ಲಿ ಕ್ಯಾನ್ಸರ್ ಸಂಸ್ಥೆಯೊಂದನ್ನು ನಡೆಸಲು ಮಯಾಮಿಗೆ ಹೋದರು. ಕೆಲವೇ ತಿಂಗಳು, 1962ರ ಫೆಬ್ರುವರಿ 19ರಂದು ಹೃದಯಾಘಾತದಿಂದ ತೀರಿಕೊಂಡರು. ಗ್ರೀಸ್ ತನ್ನ ಹತ್ತು ಸಾವಿರ ಡ್ರಾಕ್ಮಾ ನೋಟಿನ ಮೇಲೆ ಅವರ ಮುಖ ಅಚ್ಚು ಹಾಕಿತು. ಯೂರೊ ಬಂದು ಆ ನೋಟೂ ಹೋಯಿತು. ಮೇರಿ ಗಂಡನ ನಂತರ ಇಪ್ಪತ್ತು ವರ್ಷ ಬದುಕಿ 1982ರಲ್ಲಿ ಹೋದರು.

ಚಕ್ಕುಲಿ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ. ಅತ್ತಿಗೆ ಬಾಣಲೆ ಇಳಿಸಿ, ಆ ಹೆಂಗಸಿಗೆ ದಿನಾ ನೋವಾಗುತ್ತಿರಲಿಲ್ಲವೇ ಎಂದು ಕೇಳಿದರು. ಇಲ್ಲ, ಎರಡು ನಿಮಿಷದ ಕೆಲಸ, ಸ್ವಲ್ಪ ಮುಜುಗರ ಅಷ್ಟೆ ಎಂದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಲೇಡಿ ಡಾಕ್ಟರೇ ಇರಬೇಕು, ನಾನು ಪಕ್ಕದಲ್ಲೇ ಇರಬೇಕು, ಅಣ್ಣನಿಗೆ ಮಾತ್ರ ಹೇಳಕೂಡದು ಎಂಬುದು ಅವರ ಕರಾರು. ಅಣ್ಣ ಈ ಪತ್ರಿಕೆಯನ್ನು ದಿನವೂ ಓದುತ್ತಾನೆ ಎಂಬುದು ಆಗ ನನಗೂ ನೆನಪಾಗಲಿಲ್ಲ.