ನಲವತ್ತೈದರಲ್ಲಿ ಲೇಖನಿ ಹಿಡಿದ ಮಲೆನಾಡ ಗೃಹಿಣಿ: ಎಂ. ಕೆ. ಇಂದಿರಾ

ಗುಫೂಲ್, ಬಹರೈನ್: ಊರಿನಿಂದ ಮರಳುವಾಗ ನಾವೆಲ್ಲ ಉಪ್ಪಿನಕಾಯಿ, ಸಾರಿನ ಪುಡಿ, ಹಪ್ಪಳದ ಜೊತೆಗೆ ಒಂದೆರಡು ಕನ್ನಡ ಪುಸ್ತಕಗಳನ್ನೂ ಪೆಟ್ಟಿಗೆಯಲ್ಲಿ ತುರುಕಿಕೊಂಡು ಬರುತ್ತೇವೆ. ಓದುತ್ತಾ ಹೋದಂತೆ ನಾವೂ ಏನಾದರೂ ಬರೆಯಬೇಕು ಎಂಬ ಆಸೆ ಹಲವರಲ್ಲಿ ಮೊಳೆಯುತ್ತದೆ. ಅದರ ಹಿಂದೆಯೇ ನೆಪಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಸಾಹಿತ್ಯ ಓದಿದವರಲ್ಲ, ಓದಿದ್ದು ಕಂಪ್ಯೂಟರ್. ವಯಸ್ಸು ದಾಟುತ್ತಾ ಬಂತು. ಆಫೀಸು, ಅಡುಗೆ, ಮಕ್ಕಳ ಹೋಂವರ್ಕು... ಇಷ್ಟರಲ್ಲೇ ಮುಗಿಯುವ ಬದುಕಿನಲ್ಲಿ ಬರೆಯುವಂಥದ್ದು ಏನಿದೆ?

ಹೀಗೆನ್ನುವ ಮೊದಲು ನಾವು ಒಬ್ಬ ಹೆಣ್ಣುಮಗಳ ಬದುಕನ್ನು ತಿಳಿಯಬೇಕು. ಅವರೇ ತುಂಗಭದ್ರಾ, ಗೆಜ್ಜೆ ಪೂಜೆ, ಫಣಿಯಮ್ಮ ಕಾದಂಬರಿಗಳ ಲೇಖಕಿ ಎಂ. ಕೆ. ಇಂದಿರಾ. ನಮ್ಮ ಅಮ್ಮಂದಿರ ತಲೆಮಾರಿಗೆ ಇವರ ಪರಿಚಯ ಹೇಳಬೇಕಾಗಿಲ್ಲ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹೇಳಲೇಬೇಕು.

ಇಂದಿರಾ ಹುಟ್ಟಿದ್ದು 1917ರ ಜನವರಿ 5ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ತುಂಗಾ ನದಿಯ ದಂಡೆಯ ಊರು. ಅಡಿಕೆ ತೋಟ, ಭತ್ತದ ಗದ್ದೆ, ಬಿಡದೆ ಸುರಿಯುವ ಮಳೆ. ಕನ್ನಡಕ್ಕೆ ಈ ತಾಲ್ಲೂಕು ಕೊಟ್ಟ ಕೊಡುಗೆ ಸಣ್ಣದಲ್ಲ. ಕುವೆಂಪು ಅವರ ಕುಪ್ಪಳಿ ಇಲ್ಲಿಯದು, ಅನಂತಮೂರ್ತಿಯವರ ಮೇಳಿಗೆಯೂ ಇಲ್ಲಿಯದೇ. ಆ ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿ, ಪ್ರಾಧ್ಯಾಪಕರಾಗಿ ಬರೆದವರು. ಇಂದಿರಾ ಅವರಿಗೆ ದೊರೆತದ್ದು ಏಳು ವರ್ಷದ ಶಾಲೆ, ಅಷ್ಟೇ. ಹನ್ನೆರಡನೇ ವಯಸ್ಸಿಗೆ ಮದುವೆ! ಹೆಸರಿನ ಮುಂದಿನ ಎಂ. ಕೆ. ಎಂದರೆ ಮಂಡಗದ್ದೆ ಕೃಷ್ಣರಾವ್. ಕೃಷ್ಣರಾವ್ ಅವರ ಪತಿ.

ಆ ಕಾಲದಲ್ಲಿ ಇದು ವಿಶೇಷವೇನಲ್ಲ. ಮೈಸೂರು ಸಂಸ್ಥಾನದಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು 1894ರಷ್ಟು ಹಿಂದೆಯೇ ಬಂದಿತ್ತು. ಆದರೆ ಅದು ತಡೆದದ್ದು ಮುಖ್ಯವಾಗಿ 8 ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯ ಮದುವೆಯ ವಯಸ್ಸನ್ನು 14ಕ್ಕೆ ಏರಿಸಿದ ಶಾರದಾ ಕಾಯ್ದೆ 1929ರಲ್ಲಿ ಅಂಗೀಕಾರವಾಯಿತು. ಇಂದಿರಾ ಅವರಿಗೆ ಹನ್ನೆರಡು ತುಂಬಿದ್ದೂ ಅದೇ ವರ್ಷ. ಇಂದು ನಮ್ಮ ಮಕ್ಕಳು ಏಳನೇ ತರಗತಿಯ ಪರೀಕ್ಷೆಗೆ ಓದುತ್ತಿರುವ ವಯಸ್ಸದು. ಆ ವಯಸ್ಸಿಗೆ ಆಕೆಯ ಶಾಲೆಯ ಬಾಗಿಲು ಮುಚ್ಚಿತು.

ಮುಂದಿನ ಮೂವತ್ತಮೂರು ವರ್ಷಗಳ ಬಗ್ಗೆ ಪಠ್ಯಪುಸ್ತಕಗಳು ಹೆಚ್ಚೇನೂ ಹೇಳುವುದಿಲ್ಲ. ಸಂಸಾರ ಮಾಡಿದರು, ಮನೆಯಲ್ಲೇ ಕುಳಿತು ಓದಿದರು. ಕನ್ನಡ ಕಾವ್ಯಗಳನ್ನು ಅಭ್ಯಾಸ ಮಾಡಿದರು, ಹಿಂದಿ ಸಾಹಿತ್ಯದಲ್ಲೂ ಒಳ್ಳೆಯ ಪರಿಚಯ ಗಳಿಸಿಕೊಂಡರು. ಆದರೆ ನಮಗನ್ನಿಸುವುದು, ಅವರ ಮುಖ್ಯ ಓದು ನಡೆದದ್ದು ಪುಸ್ತಕದ ಹೊರಗೆ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಗಂಡಸರ ಮಾತು ಜಗಲಿಯಲ್ಲಿ, ಹೆಂಗಸರ ಮಾತು ಒಳಗೆ. ಅಡುಗೆಮನೆ, ಬಚ್ಚಲ ಒಲೆಯ ಮುಂದೆ, ಬಾಣಂತಿ ಕೋಣೆಯಲ್ಲಿ ಆಡಿದ ಮಾತು ಜಗಲಿಗೆ ಬರುವುದಿಲ್ಲ, ಪುಸ್ತಕಕ್ಕಂತೂ ಇಲ್ಲವೇ ಇಲ್ಲ. ಯಾರಿಗೆ ಎಷ್ಟನೇ ವಯಸ್ಸಿಗೆ ಮದುವೆಯಾಯಿತು, ಯಾರ ಮಗು ಹೆರಿಗೆಯಲ್ಲಿ ಹೋಯಿತು, ಯಾವ ವಿಧವೆ ಯಾವ ಮೂಲೆಯಲ್ಲಿ ಮಲಗುತ್ತಿದ್ದಳು... ಇವೆಲ್ಲ ಅವರ ನೆನಪಿನಲ್ಲಿ ಉಳಿದವು.

ತಮ್ಮ ನಲವತ್ತೈದನೇ ವಯಸ್ಸಿನಲ್ಲಿ ಇಂದಿರಾ ಕಾದಂಬರಿ ಬರೆಯಲು ತೊಡಗಿದರು. 1963ರಲ್ಲಿ ಮೊದಲ ಕಾದಂಬರಿ ತುಂಗಭದ್ರಾ ಪ್ರಕಟವಾಯಿತು. ಅದಕ್ಕೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ಮಹಿಳೆಯರ ಕಾದಂಬರಿಗಳಿಗೆ ಮನೆಮನೆಯಲ್ಲಿ ಓದುಗರನ್ನು ಗಳಿಸಿಕೊಟ್ಟಿದ್ದ ತ್ರಿವೇಣಿಯವರು ಮೂವತ್ತೈದು ತುಂಬುವ ಮೊದಲೇ ನಮ್ಮನ್ನಗಲಿದ್ದೂ ಅದೇ 1963ರಲ್ಲಿ. ಒಬ್ಬರು ಎಳೆಯ ವಯಸ್ಸಿನಲ್ಲೇ ಬರೆದು ಮುಗಿಸಿದರು, ಇನ್ನೊಬ್ಬರು ನಡುವಯಸ್ಸಿನಲ್ಲಿ ಬರೆಯಲು ಆರಂಭಿಸಿದರು.

ಆರಂಭಿಸಿದ ಮೇಲೆ ಇಂದಿರಾ ನಿಲ್ಲಿಸಲಿಲ್ಲ. 1965ರಲ್ಲಿ ಸದಾನಂದ, 1967ರಲ್ಲಿ ನವರತ್ನ... ಹೀಗೆ ಸಾಲುಸಾಲಾಗಿ ಕಾದಂಬರಿಗಳು, ಜೊತೆಗೆ ಸಣ್ಣ ಕಥೆಗಳು. ಗೆಜ್ಜೆ ಪೂಜೆ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಚಲನಚಿತ್ರವಾಗಿಸಿದರು. ಪದ್ಧತಿಯ ಹೆಸರಿನಲ್ಲಿ ಬಲಿಯಾಗುವ ಹುಡುಗಿಯ ಪಾತ್ರದಲ್ಲಿ ಕಲ್ಪನಾ ಅವರನ್ನು ಕಂಡು ಕಣ್ಣೀರು ಹಾಕದ ಕನ್ನಡಿಗರು ಕಡಿಮೆ.

ಆದರೆ ಬದುಕಿನ ಅನುಭವ ಬರಹವಾಗುವುದು ಹೇಗೆ ಎಂದು ಕಲಿಯಲು ನಾವು ಓದಬೇಕಾದದ್ದು 1976ರ ಫಣಿಯಮ್ಮ. ಇದು ಕಲ್ಪಿಸಿದ ಕಥೆಯಲ್ಲ. ಇಂದಿರಾ ತಮ್ಮ ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದ ಒಬ್ಬ ಹಿರಿಯ ವಿಧವೆಯ ಜೀವನ. ಆಕೆ ತನ್ನ ಬದುಕನ್ನು ಇಂದಿರಾ ಅವರ ತಾಯಿಯ ಬಳಿ ಹೇಳಿಕೊಂಡಿದ್ದರು. ಅದು ಹಾಗೆ ಮಗಳ ಕಿವಿಗೂ ಬಿತ್ತು.

ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಒಂಬತ್ತು ವರ್ಷದ ಹುಡುಗಿಗೆ ಮದುವೆಯಾಗುತ್ತದೆ, ಸ್ವಲ್ಪ ದಿನಕ್ಕೇ ಗಂಡ ತೀರಿಕೊಳ್ಳುತ್ತಾನೆ. ಗಂಡ ಎಂದರೇನೆಂದೇ ತಿಳಿಯದ ಆ ಮಗುವಿಗೆ ಮುಂದೆ ಕೇಶಮುಂಡನ, ಕೆಂಪು ಸೀರೆ, ಒಪ್ಪೊತ್ತು ಊಟ. ನೂರಕ್ಕೂ ಹೆಚ್ಚು ವರ್ಷ ಬದುಕಿದ ಫಣಿಯಮ್ಮ ತನ್ನದೆಂಬುದೇನೂ ಇಲ್ಲದೆ ಇಡೀ ಮನೆತನದ ಚಾಕರಿ ಮಾಡುತ್ತಾಳೆ. ತಾಯ್ತನವನ್ನೇ ಕಾಣದ ಆಕೆ ಊರಿನ ಬಾಣಂತಿಯರಿಗೆ ಆಸರೆಯಾಗುತ್ತಾಳೆ. ಕಷ್ಟದ ಹೆರಿಗೆಯೊಂದಕ್ಕೆ ಮಡಿಯ ಗೆರೆಯನ್ನು ಸದ್ದಿಲ್ಲದೆ ದಾಟಿ ಕೆಳಜಾತಿಯವರೆನಿಸಿಕೊಂಡವರ ಮನೆಗೂ ಹೋಗುತ್ತಾಳೆ. ಮುಂದಿನ ತಲೆಮಾರಿನ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಎದುರು ನಿಂತಾಗ, ಆ ಎಲ್ಲ ನಿಯಮಗಳನ್ನು ಪಾಲಿಸಿಕೊಂಡೇ ಬಂದ ಫಣಿಯಮ್ಮ ಹುಡುಗಿಯ ಪರವಾಗಿ ನಿಲ್ಲುತ್ತಾಳೆ.

ಈ ಕಥೆಯಲ್ಲಿ ಲೇಖಕಿ ಭಾಷಣ ಮಾಡುವುದಿಲ್ಲ. ಆಕೆ ಏನು ಉಣ್ಣುತ್ತಿದ್ದಳು, ಎಲ್ಲಿ ಮಲಗುತ್ತಿದ್ದಳು, ಬೆಳಗಿನಿಂದ ರಾತ್ರಿವರೆಗೆ ಏನೇನು ಕೆಲಸ ಮಾಡುತ್ತಿದ್ದಳು ಎಂದು ಹೇಳುತ್ತಾ ಹೋಗುತ್ತಾರೆ. ಅನ್ಯಾಯವನ್ನು ಬೆರಳಿಟ್ಟು ತೋರಿಸುವ ಅಗತ್ಯವೇ ಬೀಳುವುದಿಲ್ಲ, ಓದುಗರಿಗೆ ತಾನಾಗಿ ಉರಿ ತಟ್ಟುತ್ತದೆ. ಮುಖ್ಯವಾದ ಇನ್ನೊಂದು ಸಂಗತಿ: ಇದು ಇಂದಿರಾ ಅವರ ಮೊದಲ ಪುಸ್ತಕವಲ್ಲ. ಹದಿಮೂರು ವರ್ಷ ಬರೆದು ಕೈ ಪಳಗಿದ ಮೇಲೆ, ಆ ಹಿರಿಯ ಜೀವ ಕಣ್ಮರೆಯಾಗಿ ಎಷ್ಟೋ ಕಾಲವಾದ ಮೇಲೆ ಬರೆದದ್ದು. ಮನೆಯವರ ನೋವನ್ನು ಊರಿಗೆ ಹೇಳುವುದು ಸುಲಭದ ಕೆಲಸವಲ್ಲ. ಹೇಳಿಕೊಂಡವರ ಮಾನ ಕಾಯಬೇಕು, ಸತ್ಯವನ್ನೂ ಬಿಡಬಾರದು. ಇಂದಿರಾ ಎರಡನ್ನೂ ಉಳಿಸಿಕೊಂಡರು.

ಫಣಿಯಮ್ಮ ಕಾದಂಬರಿಗೂ ಅಕಾಡೆಮಿಯ ಬಹುಮಾನ ಬಂತು. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು, ಅದು ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. 1989ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಹೊರಬಂತು. ಒಂದು ಮನೆಯ ಮೂಲೆಯಲ್ಲಿ ಬದುಕಿದ್ದ ಅಜ್ಜಿಯ ಬದುಕನ್ನು ಇಂದು ಕನ್ನಡ ಓದಲಾಗದವರೂ ಓದಬಹುದು. ಎಂಥ ಪಯಣ! ಇಂದಿರಾ ಅವರು 1994ರ ಮಾರ್ಚ್‌ನಲ್ಲಿ ನಿಧನರಾದರು. ಬರೆದದ್ದು ಸುಮಾರು ಮೂವತ್ತು ವರ್ಷ, ಕಾದಂಬರಿಗಳು ಹತ್ತಿರಹತ್ತಿರ ಐವತ್ತು.

ಈ ಬದುಕಿನಿಂದ ಗುಫೂಲ್‌ನ ಫ್ಲಾಟುಗಳಲ್ಲಿರುವ ನಾವು ಕಲಿಯುವುದೇನು? ನಾವು ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿಯುವವರು. ಅಳಿಸಿಹೋದ ಫೈಲನ್ನು ಬ್ಯಾಕಪ್‌ನಿಂದ ಮರಳಿ ತರುವುದು ನಮಗೆ ನಿತ್ಯದ ಕೆಲಸ. ಆದರೆ ಅಜ್ಜಿಯೊಬ್ಬರು ಹೋದರೆ ಅವರ ನೆನಪುಗಳಿಗೆ ಯಾವ ಬ್ಯಾಕಪ್ ಇದೆ? ಅಂದು ಆ ವಿಧವೆ ಹೇಳದಿದ್ದರೆ, ತಾಯಿ ಕೇಳದಿದ್ದರೆ, ಮಗಳು ಬರೆಯದಿದ್ದರೆ, ಈ ಮೂರರಲ್ಲಿ ಒಂದು ಕೊಂಡಿ ಕಳಚಿದ್ದರೂ ಫಣಿಯಮ್ಮ ಇರುತ್ತಿರಲಿಲ್ಲ. ಮರಳುಗಾಡಿನಲ್ಲಿರುವ ನಮಗೆ ಆ ಕೊಂಡಿ ಇನ್ನೂ ತೆಳು. ಊರಿಗೆ ಹೋಗುವುದು ವರ್ಷಕ್ಕೊಮ್ಮೆ. ಹೋದರೂ ಅರ್ಧ ರಜೆ ಮದುವೆ, ಬ್ಯಾಂಕು, ತಾಲ್ಲೂಕು ಕಚೇರಿಗಳಲ್ಲೇ ಕಳೆಯುತ್ತದೆ.

ಆದರೂ ನಮಗೊಂದು ಅವಕಾಶವಿದೆ. ಮಗಳ, ಸೊಸೆಯ ಬಾಣಂತನಕ್ಕೆಂದು ಅಮ್ಮ, ಅತ್ತೆ ವಿಸಿಟ್ ವೀಸಾದಲ್ಲಿ ಬರುತ್ತಾರೆ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಾ, ಬಾಣಂತಿಗೆ ಮೆಣಸಿನ ಸಾರು ಮಾಡುತ್ತಾ ಅವರು ಹಳೆಯ ಮಾತು ತೆಗೆಯುತ್ತಾರೆ. ಆಗ ನಾವು ಮೊಬೈಲ್ ಬದಿಗಿಟ್ಟು ಕೂರೋಣ. ಮೊದಲ ಹೆರಿಗೆ ಎಲ್ಲಿ ಆಯಿತು, ಯಾರು ಮಾಡಿಸಿದರು, ಶಾಲೆ ಬಿಡಿಸಿದಾಗ ಏನನಿಸಿತು ಎಂದು ಕೇಳೋಣ. ರಾತ್ರಿ ಮಲಗುವ ಮುನ್ನ ಹತ್ತು ಸಾಲು ಬರೆದಿಡೋಣ, ಅವರಾಡಿದ ಮಾತಿನಲ್ಲೇ. ಮನೆಮಾತು ತುಳುವಾಗಲಿ, ಕೊಂಕಣಿಯಾಗಲಿ, ಬ್ಯಾರಿಯಾಗಲಿ, ಆ ಪಾತ್ರೆಪಗಡಿಯ, ತಿಂಡಿಯ, ಗದ್ದೆಯ ಹೆಸರು ಹಾಗೆಯೇ ಇರಲಿ. ತೀರ್ಪು ಕೊಡುವ ಅವಸರ ಬೇಡ. ಪ್ರಕಟಿಸುವ ಅವಸರ ಮೊದಲೇ ಬೇಡ. ಯಾರ ಬದುಕೋ ಅವರ ಒಪ್ಪಿಗೆ ಇರಲಿ. ವಾರಕ್ಕೊಂದು ಪುಟವಾದರೂ ವರ್ಷಕ್ಕೆ ಐವತ್ತು ಪುಟ!

ಇನ್ನು ವಯಸ್ಸಿನ ಮಾತು. ಅಡುಗೆಮನೆಯಲ್ಲೇ ಆಯುಷ್ಯ ಕಳೆಯಿತೆಂದು ಕೊರಗುವ ನಮ್ಮ ಅಕ್ಕಂದಿರೇ, ಕಳೆದುಹೋಯಿತೆಂದುಕೊಂಡ ಆ ವರ್ಷಗಳೇ ಇಂದಿರಾ ಅವರ ಬಂಡವಾಳವಾಗಿತ್ತು. ಈ ವಾರ ರಜೆಯ ದಿನ ಮಕ್ಕಳ ಮುಗಿದ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಿಂದಲೇ ಆರಂಭಿಸಿ. ಬರೆದದ್ದನ್ನು ಮೊದಲು ಮನೆಯ ಮಕ್ಕಳಿಗೆ ಓದಿ ಹೇಳಿ. ಅವರು ಮುಂದೇನಾಯಿತು ಎಂದು ಕೇಳಿದರೆ ಇನ್ನೊಂದು ಪುಟ ಬರೆಯಿರಿ.